ಕಾರ್ಡ್ ಇಲ್ಲದ ಡಬ್ಬ ಮತ್ತು ಇರ್ಫಾನನ ಸ್ವರ

ನನ್ನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಇದೆ ಎಂದು ಗೆಳೆಯರಿಗೆಲ್ಲ ಸುಳ್ಳು ಹೇಳಿದೆ. ಆ ಸುಳ್ಳು ಉಳಿಯಲೆಂದು ಇರ್ಫಾನನನ್ನು ತಂಡದಿಂದ ಹೊರಗೆ ಹಾಕಿಸಿದೆ. ಮೂರ್ಖ ನಾನೇ — ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಾವು ಕಂಡುಹಿಡಿದೆವೆಂದು ಬೀಗಬಾರದು.

ಆದರೆ ಕಾರ್ಡ್ ಇಲ್ಲದೆ ಆಡಿದ್ದಕ್ಕೆ ತಲೆ ತಗ್ಗಿಸುವವನಲ್ಲ ನಾನು. ದೇರೆಬೈಲಿನ ನಮ್ಮ ಮನೆಗೆ ಅಪ್ಪನ ಆಫೀಸಿನಿಂದ ಬಂದ ಹಳೇ ಡಬ್ಬ ಅದು. ಬಿಸಿಯಾಗದಿರಲೆಂದು ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿ, ಆಟದ ಚಿತ್ರವನ್ನು ಸಾಧ್ಯವಾದಷ್ಟು ಒರಟು ಮಾಡಿ ಆಡುತ್ತಿದ್ದೆ. ವೈರಿಗಳು ಬೆಂಕಿಪೆಟ್ಟಿಗೆಗಳಂತೆ ಕಾಣುತ್ತಿದ್ದರು — ಬೆಂಕಿಪೆಟ್ಟಿಗೆಗೇ ಗುರಿಯಿಟ್ಟು ಹೊಡೆದೆ! ಕಾರ್ಡ್ ಇದ್ದವರು ಹೊಡೆದು ತೋರಿಸಲಿ.

“ಅದಕ್ಕೆ ಸೆಕೆ ಆದರೆ ಫ್ಯಾನ್. ಅಡುಗೆ ಮಾಡುವವಳಿಗೆ ಎಂತ ಉಂಟು?” ಎಂದು ಅಮ್ಮ ಕೇಳುತ್ತಿದ್ದಳು. ಅದನ್ನು ಅವಳದೇ ಸ್ವರದಲ್ಲಿ ಅವಳೆದುರೇ ಹೇಳಿ ಪೆಟ್ಟು ತಿಂದಿದ್ದೇನೆ. ಮಿಮಿಕ್ರಿ ನನ್ನ ಚಟ. ಒಂದು ದಿನ ಅದೇ ಚಟ —

ಸುರತ್ಕಲ್‌ನಲ್ಲಿ ಆ ಆಟದ ಪಂದ್ಯವಿತ್ತು. ಐವರ ತಂಡ, ನಾವು ಆರು ಮಂದಿ. ಆ ದಿನಕ್ಕಾಗಿ ತನ್ನ ಅಪ್ಪನನ್ನು ವಾರಗಟ್ಟಲೆ ಬೇಡಿ ಅವರ ಅಂಗಡಿಯಿಂದ ರಜೆ ಪಡೆದಿದ್ದವನು ಇರ್ಫಾನ್. ಕೊನೆಯ ಅಭ್ಯಾಸದಲ್ಲಿ ಎಲ್ಲರೂ ನಮ್ಮ ನಮ್ಮ ಮನೆಯಿಂದಲೇ ಆಡುತ್ತಿದ್ದೆವು; ಇರ್ಫಾನನ ಬೆನ್ನು ಕಾಯುವ ಕೆಲಸ ನನ್ನದು. ಸರಿಯಾಗಿ ಆ ಹೊತ್ತಿಗೇ ನನ್ನ ಪರದೆ ನಿಂತುಹೋಯಿತು — ಎರಡೇ ಸೆಕೆಂಡ್. ಅವನು ಸತ್ತ, ಆಟ ಸೋತೆವು.

“ಯಾರದ್ದು ಮಾರಾಯ ತಪ್ಪು?” ಎಂದು ನಾಯಕ ಶರಣ್ ಕೇಳಿದ.

ನಾನು ಮೈಕಿನಲ್ಲಿ ಇರ್ಫಾನನಂತೆಯೇ ರಾಗ ಎಳೆದೆ: “ಒಂದು ನಿಮಿಷ ಮಾರಾಯಾ… ನನ್ನ ನೆಟ್ ಹೋಯ್ತು… ಒಂದು ನಿಮಿಷಾ…”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಮಾತಾಡಲಿಲ್ಲ. ಆ ನಗುವಿನಲ್ಲೇ ತಪ್ಪು ಅವನ ನೆಟ್ಟಿನದೆಂದಾಯಿತು, ಅವನ ಹೆಸರು ಪಟ್ಟಿಯಿಂದ ಹೋಯಿತು.

ಪಂದ್ಯದಲ್ಲಿ ನಾನು ಕಡಿದು ಹಾಕಿದ್ದೇನು? ಅಲ್ಲಿದ್ದವು ಒಳ್ಳೊಳ್ಳೆಯ ಕಂಪ್ಯೂಟರುಗಳು. ಆ ಆಟದ ಹುಲ್ಲಿಗೆ ಎಸಳುಗಳಿವೆ, ಅವು ಗಾಳಿಗೆ ತೂಗುತ್ತವೆ ಎಂದು ನನಗೆ ತಿಳಿದದ್ದೇ ಅಂದು. ಹುಲ್ಲು ನೋಡುತ್ತಾ ನಿಂತೆ — ಸತ್ತೆ. ಮೊದಲ ಸುತ್ತಿನಲ್ಲೇ ಎಲ್ಲರೂ ಮನೆಗೆ.

ತಪ್ಪನ್ನು ಡಬ್ಬದ ತಲೆಗೆ ಕಟ್ಟಬಹುದಿತ್ತು. ಕಟ್ಟುವುದಿಲ್ಲ. ಇಂದಿಗೂ ಅದರಲ್ಲೇ ಆಡುತ್ತೇನೆ. ಅದು ತೆಪ್ಪಗಿದ್ದದ್ದು ಎರಡು ಸೆಕೆಂಡ್. ನಾನು, ಮೂರು ವರ್ಷ.

ಮೊನ್ನೆ ಅತ್ತಾವರದಲ್ಲಿರುವ ಅವನಪ್ಪನ ಚಪ್ಪಲಿ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ನನ್ನದೇ ಸ್ವರದಲ್ಲಿ. ಇರ್ಫಾನ್ ಚಪ್ಪಲಿಗಳನ್ನು ಜೋಡಿಸುತ್ತಲೇ ಇದ್ದ. ಕೊನೆಗೆ ತಲೆಯೆತ್ತಿದ.

“ನನಗೆ ಆಗಲೇ ಗೊತ್ತಿತ್ತು ಮಾರಾಯ. ನಿಮ್ಮ ಮನೆಗೆ ಊಟಕ್ಕೆ ಬಂದಾಗ ತಗಡು ತೆರೆದೇ ಇತ್ತಲ್ಲ, ಒಳಗೆ ಕಾರ್ಡೂ ಇಲ್ಲ ಎಂತದೂ ಇಲ್ಲ, ಬರೀ ಧೂಳು. ನಾಲ್ಕು ಜನರ ಎದುರು ನಿನ್ನ ಮರ್ಯಾದೆ ಹೋಗುವುದು ಬೇಡ ಅಂತ ಸುಮ್ಮನಿದ್ದೆ. ನೀನು ಎಲ್ಲರದ್ದೂ ಮಿಮಿಕ್ರಿ ಮಾಡ್ತಿ ಅಲ್ವಾ? ನಾನು ಸುಮ್ಮನಿದ್ದದ್ದನ್ನು ಒಮ್ಮೆ ಮಾಡಿ ತೋರಿಸು, ನೋಡುವ.”