ಅಳತೆ ಮುಟ್ಟದ ನೊರೆ

ದ್ರವಸಾಬೂನು ಕಾರ್ಖಾನೆಯ ಮೇಲ್ಮಹಡಿಯ ಪರೀಕ್ಷಾ ಕೋಣೆಯಲ್ಲಿ ಅವಳೊಬ್ಬಳೇ. ಪ್ರತಿ ತೊಟ್ಟಿಯ ಮಾದರಿಯನ್ನು ಉದ್ದನೆಯ ಗಾಜಿನ ಜಾಡಿಗೆ ಸುರಿದು, ಕುಲುಕಿ, ನೊರೆ ಎಷ್ಟು ಏರಿತು, ಎಷ್ಟು ಹೊತ್ತು ನಿಂತಿತು ಎಂದು ನೋಡುವುದು ಕೆಲಸ. ಎಲ್ಲರ ಬಾಯಲ್ಲೂ ಅವಳು ನೊರೆ ಮೇಡಂ. ಅಮ್ಮ ತೀರಿಕೊಂಡ ಮೇಲೆ ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಉಳಿದಿರಲಿಲ್ಲ.

ನೊರೆ ಸರಿಯಿದ್ದರೆ ಹಸಿರು ದೀಪದ ಗುಂಡಿ ಒತ್ತಿದರೆ ಮುಗಿಯಿತು. ಇಲ್ಲದಿದ್ದರೆ ಮಾತ್ರ ಕೆಳಗಿಳಿದು, ಸಾಬೂನು ಕಲೆಸುವ ಮೇಸ್ತ್ರಿಗೆ ಹೇಳಬೇಕು. ಆ ವಾರ ದಿನವೂ ನೊರೆ ಏರಿದ್ದೇ ತಡ, ಕುಸಿಯುತ್ತಿತ್ತು; ದಿನವೂ ಅವಳು ಕೆಳಗಿಳಿಯುತ್ತಿದ್ದಳು.

"ಬಂದ್ರಾ ಮೇಡಂ? ನಿಮ್ಮ ಚಪ್ಪಲಿ ಸದ್ದು ಕೇಳಿದ್ರೇ ನನ್ನ ಸಾಬೂನಿಗೆ ಜ್ವರ ಬರುತ್ತೆ," ಎನ್ನುತ್ತಿದ್ದ ಮೇಸ್ತ್ರಿ.

"ಸಾಬೂನಿಗೋ, ನಿಮಗೋ?"

"ನನಗೆ ಬರೋದು ಮ್ಯಾನೇಜರ್ ಬಂದಾಗ!"

ಇಷ್ಟೇ ಮಾತು. ಅವಳಿಗೆ ಅದೇ ಸಂಜೆಯವರೆಗೂ ಸಾಕಾಗುತ್ತಿತ್ತು.

ಶುಕ್ರವಾರ, ಮೇಸ್ತ್ರಿ ತುಂಬಿ ಕಳಿಸಿದ್ದ ಮಾದರಿ ಬಾಟಲಿಯ ಮುಚ್ಚಳ ತೆಗೆದಾಗ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ತೊಟ್ಟಿಯಿಂದ ತಾನೇ ಬೇರೆ ಬಾಟಲಿಯಲ್ಲಿ ಸಾಬೂನು ತಂದು ಕುಲುಕಿದಳು, ನೊರೆ ನಿಂತಿತು. ಒಂದು ಚಮಚ ಸ್ಪಿರಿಟ್ ಹಾಕಿದಳು, ಕುಸಿಯಿತು. ಆಲ್ಕೋಹಾಲುಗಳೆಲ್ಲ ಒಂದೇ ಗುಣದವಲ್ಲ. ಅಣುಗಳು ಉದ್ದ ಸರಪಳಿಯಂತಿರುವ, ಮೇಣದಂಥ ಆಲ್ಕೋಹಾಲು ಸಾಬೂನಿನ ಅಣುಗಳ ನಡುವೆ ಒತ್ತಾಗಿ ಕೂತು ಗುಳ್ಳೆಯ ಪೊರೆಯನ್ನು ಗಟ್ಟಿ ಮಾಡುತ್ತದೆ. ಸ್ಪಿರಿಟ್ಟಿನಂಥ ಚಿಕ್ಕ ಅಣುವಿನದು ಹೆಚ್ಚಾದರೆ ಆ ಪೊರೆ ಸಡಿಲವಾಗುತ್ತದೆ.

ತನ್ನನ್ನು ಕೆಳಗೆ ಬರಿಸಲೆಂದೇ ಮೇಸ್ತ್ರಿ ಹೀಗೆ ಮಾಡುತ್ತಿರಬಹುದೇ? ಯೋಚನೆ ಬಂದು ಕಿವಿ ಬಿಸಿಯಾಯಿತು.

ಸುಮ್ಮನಿದ್ದರೆ ನಾಳೆಯೂ ಕೆಳಗಿಳಿಯಬಹುದಿತ್ತು. ಆದರೆ ಇನ್ನೊಮ್ಮೆ ಕೆಟ್ಟರೆ ಮೇಸ್ತ್ರಿಯನ್ನು ತೊಟ್ಟಿ ತೊಳೆಯಲು ಹಾಕುತ್ತೇನೆಂದು ಮ್ಯಾನೇಜರ್ ಎಲ್ಲರೆದುರು ಗದರಿದ್ದ. ಅವಳು ಇಳಿದು ಹೋದಳು.

"ಮೇಸ್ತ್ರಿ, ಬಾಟಲಿಗೆ ಸ್ಪಿರಿಟ್ ಯಾಕೆ ಹಾಕಿದ್ರಿ?"

"ತೊಳೆದ ಮೇಲೆ ಬೇಗ ಒಣಗ್ಲಿ ಅಂತ ಈ ವಾರದಿಂದ ಹಾಕ್ತಿದ್ದೀನಿ. ಯಾಕೆ, ತಪ್ಪಾ?"

ಅವನ ಮುಖದಲ್ಲಿ ಬೇರೇನೂ ಇರಲಿಲ್ಲ.

"ತಳದಲ್ಲಿ ಉಳಿದದ್ದೇ ನೊರೆ ಕೊಲ್ತಿರೋದು. ನಿಮ್ಮ ಸಾಬೂನು ಚೆನ್ನಾಗೇ ಇದೆ. ಮ್ಯಾನೇಜರಿಗೂ ನಾನೇ ಹೇಳ್ತೀನಿ."

"ಅಬ್ಬ, ಬದುಕಿಸಿದ್ರಿ! ಇನ್ನು ನಿಮಗೂ ಮೆಟ್ಟಿಲು ಹತ್ತಿಳಿಯೋ ಕಷ್ಟ ತಪ್ತು ಬಿಡಿ."

"ಹೌದು, ತಪ್ತು," ಎಂದಳು.

ಆಮೇಲೂ ಅವಳು ಹೊರಡಲಿಲ್ಲ. ಬಾಟಲಿ ತೊಳೆದು, ಬೋರಲು ಹಾಕಿ, ಗಾಳಿಗೆ ಒಣಗಿಸುವುದು ಹೇಗೆಂದು ಹೇಳಿದಳು. ಮತ್ತೆ ಮೊದಲಿನಿಂದ, ನಿಧಾನವಾಗಿ, ಇನ್ನೊಮ್ಮೆ ಹೇಳತೊಡಗಿದಳು.