ಹೊಗೆಯಲ್ಲ, ಹಬೆ

ಪಪ್ಪ ಸಿಗರೇಟು ಸೇದುತ್ತಿದ್ದಾಗ ಲೆಕ್ಕ ಇಡುವುದು ಸುಲಭವಿತ್ತು. ಮಲೇಶಿಯಾದ ಸುಬಾಂಗ್ ಜಯಾದಲ್ಲಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರೊಳಗಿನ ತುಂಡುಗಳನ್ನು ಎಣಿಸಿದರೆ ಆಯಿತು. ಶಾಲೆಯ ದಿನಗಳಿಂದಲೂ ದಿನಚರಿ ಬರೆಯುವ ನಾನು ಆ ಅಂಕಿಯನ್ನು ತಾರೀಖಿನ ಕೆಳಗೆ, ಮಳೆ ಬಂತೋ ಇಲ್ಲವೋ ಎಂಬುದರ ಪಕ್ಕದಲ್ಲಿ ಬರೆದಿಡುತ್ತಿದ್ದೆ. ಪಪ್ಪನಿಗೆ ಇದು ಗೊತ್ತಿತ್ತು. ಕೆಲವು ಸಂಜೆ ಅವರೇ ಒಳಗೆ ಬಂದು, ಇವತ್ತು ಹದಿನೆಂಟು, ಬರ್ಕೊ ಮಗಳೇ, ಎಂದು ಗುಮಾಸ್ತರಿಗೆ ಹೇಳುವಂತೆ ಹೇಳುತ್ತಿದ್ದರು.

ಕಳೆದ ವರ್ಷ ಜೂನ್‌ನಲ್ಲಿ ಅಂಕಿ ಸೊನ್ನೆಗೆ ಇಳಿಯಿತು. ಆಫೀಸಿನ ಗೆಳೆಯರೊಬ್ಬರ ಮಾತು ಕೇಳಿ ಪಪ್ಪ ವೇಪ್, ಅಂದರೆ ಬ್ಯಾಟರಿಯ ಸಿಗರೇಟು, ಕೊಂಡಿದ್ದರು. ಹೆಬ್ಬೆರಳಿನಷ್ಟು ದಪ್ಪದ ನೀಲಿ ಯಂತ್ರ. ಬಾಯಿಗಿಟ್ಟು ಎಳೆದರೆ ಮಾವಿನಹಣ್ಣಿನ ವಾಸನೆಯ ಬಿಳಿ ಮೋಡ. ಇದೇನೆಂದು ಮಮ್ಮಿ ಕೇಳಿದರು. ಪಪ್ಪ ಮಂಗಳೂರಿನವರು, ಮಮ್ಮಿ ಧಾರವಾಡದವರು. ಪಪ್ಪನ ಕೊಂಕಣಿ ಮಮ್ಮಿಗೆ ಅಷ್ಟಾಗಿ ಬಾರದ್ದರಿಂದ ನಮ್ಮ ಮನೆಮಾತು ಕನ್ನಡವಾಗಿ ಉಳಿದಿದೆ.

“ಹೊಗೆ ಅಲ್ಲ ಮಾರಾಯ್ತಿ, ಇದು ಹಬೆ,” ಎಂದರು ಪಪ್ಪ.

ಮಮ್ಮಿಗೆ ಹಬೆ ಎಂದರೆ ನೆಗಡಿಯಾದಾಗ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ, ಕಂಬಳಿ ಹೊದ್ದು ತೆಗೆದುಕೊಳ್ಳುವುದು. ಪೇಪರಿನಲ್ಲಿ ಬರುವ ವೇಪ್ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಮಮ್ಮಿಗೂ ನಂಬುವುದು ಬೇಕಾಗಿತ್ತು ಅನಿಸುತ್ತದೆ. ಬೆಳಗಿನ ಕೆಮ್ಮು ಕಡಿಮೆಯಾಗಿತ್ತು, ಪರದೆಗಳ ನಾತ ಹೋಗಿತ್ತು, ಮೆಟ್ಟಿಲು ಹತ್ತುವಾಗ ಪಪ್ಪ ನಡುವೆ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷದ ಚಟ ಬಿಟ್ಟೆ ಎಂದು ಅವರು ಕಂಡವರಿಗೆಲ್ಲ ಹೇಳಿಕೊಂಡರು.

ನಿಲಾಯ್‌ನ ಕಾಲೇಜಿನಿಂದ ವಾರಾಂತ್ಯಕ್ಕೆ ಬರುವ ನನಗೆ ಮಾತ್ರ ದಿನಚರಿಯಲ್ಲಿ ಏನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಸಿಗರೇಟಿಗಾದರೆ ಎದ್ದು ಹೊರಗೆ ಹೋಗಬೇಕಿತ್ತು. ಹಚ್ಚಿದ್ದು ಒಮ್ಮೆ ಮುಗಿಯುತ್ತಿತ್ತು. ಇದು ಮುಗಿಯುವುದೇ ಇಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಟಿವಿಯ ಸುದ್ದಿಯ ನಡುವೆ, ಮಲಗಿದಲ್ಲೇ ದಿಂಬಿನ ಪಕ್ಕದಿಂದ. ತುಂಡಿಲ್ಲ, ಬೂದಿಯಿಲ್ಲ. ಅಂಕಿಯ ಜಾಗವನ್ನು ಖಾಲಿ ಬಿಡತೊಡಗಿದೆ.

ಜನವರಿಯಲ್ಲಿ ಪಪ್ಪನ ನಾಲಗೆಯ ಬಲ ಅಂಚಿನಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಫೆಬ್ರವರಿಯಲ್ಲಿ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು: ನಾಲಗೆಯ ಅಷ್ಟು ಭಾಗ ತೆಗೆದು, ಆ ಜಾಗಕ್ಕೆ ಮುಂಗೈಯ ಮಾಂಸ ತಂದು ಹೊಲಿಯುತ್ತಾರೆ. ಆ ತೇಪೆ ಬದುಕಿದರೆ ಪಪ್ಪ ಮತ್ತೆ ನುಂಗಬಹುದು, ಮಾತಾಡಬಹುದು. ಅದು ಸತ್ತರೆ ಎರಡೂ ಕಷ್ಟ. ಪಪ್ಪ ಮಾತಿನ ಮನುಷ್ಯ. ಮೆಲಾಕಾದ ಗೆಳೆಯರ ಮನೆಯಲ್ಲಿ ಕ್ರಿಸ್‌ಮಸ್ ಊಟಕ್ಕೆ ಸೇರಿದರೆ ಎಲ್ಲರೂ ಅವರ ಸುತ್ತಲೇ ಕುರ್ಚಿ ಎಳೆದುಕೊಳ್ಳುತ್ತಿದ್ದರು.

ಮಾರ್ಚ್‌ನ ಒಂದು ಮಂಗಳವಾರ ಆಪರೇಷನ್ನಿನ ಮುಂಚಿನ ತಪಾಸಣೆ. ಮೊದಲು ನರ್ಸ್ ಪ್ರಶ್ನೆಗಳನ್ನು ಕೇಳಿದಳು. ಸಿಗರೇಟು? ಜೂನ್‌ನಲ್ಲೇ ಬಿಟ್ಟೆ, ಎಂದರು ಪಪ್ಪ. ಬೇರೆ ಏನಾದರೂ ಎಳೆಯುತ್ತೀರಾ ಎಂದು ಅವಳು ಕೇಳಿದಾಗ ಪಪ್ಪ ಗಂಟಲು ಸರಿಮಾಡಿಕೊಂಡರು. ಗಂಡನಿಗೆ ಬಾಯಿ ನೋವೆಂದು ಮಮ್ಮಿಯೇ ಮುಂದೆ ಬಂದರು.

“ಓನ್ಲಿ ಸ್ಟೀಮ್, ಸಿಸ್ಟರ್. ಡೈಲಿ ಸ್ಟೀಮ್ ತಗೋತಾರ,” ಎಂದು ಇಂಗ್ಲಿಷ್ ಕನ್ನಡ ಕಲಸಿ, ಮೂಗಿನ ಮುಂದೆ ಕೈಯಾಡಿಸಿ ತೋರಿಸಿದರು.

“ಗುಡ್ ಲಾ, ಆಂಟಿ,” ಎಂದು ನರ್ಸ್ ನಕ್ಕು ಬರೆದುಕೊಂಡಳು. ಪಪ್ಪ ಕಿಟಕಿಯ ಕಡೆ ನೋಡುತ್ತಿದ್ದರು.

ಡಾಕ್ಟರ ಕೋಣೆಗೆ ಕರೆಯುವ ಮೊದಲು ಮಮ್ಮಿ ನೀರು ತರಲು ಹೋದರು. ಹೇಳಬೇಕಿತ್ತಲ್ಲ ಪಪ್ಪ, ಎಂದೆ. ಅವರು ಕೇಳಿದ್ದು ಸಿಗರೇಟು, ಅದನ್ನು ಬಿಟ್ಟದ್ದು ಹೌದಲ್ಲ, ಎಂದು ವಾದಿಸಿದರು. ಆಮೇಲೆ ದನಿ ತಗ್ಗಿಸಿದರು.

“ಹೇಳಿದ್ರೆ ಡೇಟು ಮುಂದೆ ಹಾಕ್ತಾರೆ. ಗಡ್ಡೆ ಕಾದು ಕೂತ್ಕೊಳ್ತದಾ? ಮತ್ತೆ ಇದನ್ನೂ ಬಿಡು ಅಂತಾರೆ. ಇದನ್ನು ಬಿಟ್ರೆ ನಾನು ಸಿಗರೇಟಿಗೇ ಹೋಗುದು. ಅದಾಗ್ಬೇಕಾ ನಿಂಗೆ?”

ಗಡ್ಡೆ ಕಾಯುವುದಿಲ್ಲ ಎಂಬುದು ಸುಳ್ಳಾಗಿರಲಿಲ್ಲ.

ಒಳಗೆ ಡಾಕ್ಟರು ನರ್ಸ್ ಬರೆದದ್ದನ್ನು ಓದಿ ಮೆಚ್ಚಿದರು. ಮುಂಗೈಯ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸುತ್ತಾರಂತೆ. ನಿಕೋಟಿನ್ ಆ ನಾಳಗಳನ್ನು ಬಿಗಿಯಾಗಿಸುತ್ತದೆ, ರಕ್ತ ಹರಿಯದೆ ತೇಪೆ ಕಪ್ಪಾಗಬಹುದು. ನೀವು ಬಿಟ್ಟದ್ದು ಒಳ್ಳೆಯದಾಯಿತು, ಎಂದರು. ಮಮ್ಮಿ ಹೆಮ್ಮೆಯಿಂದ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನೋಡಿಕೊಂಡು ನನಗೆ ಸುಮ್ಮನಿರಲಾಗಲಿಲ್ಲ.

“ಮಮ್ಮಿ, ಪಪ್ಪನದು ಸ್ಟೀಮ್ ಅಲ್ಲ. ಅದು ವೇಪ್. ಅದರಲ್ಲಿ ನಿಕೋಟಿನ್ ಇದೆ.”

ಕನ್ನಡ ತಿಳಿಯದ ಡಾಕ್ಟರು ಪೆನ್ನು ಹಿಡಿದು ಕಾದರು. ಮಮ್ಮಿ ನನ್ನನ್ನು ನೋಡಲಿಲ್ಲ. ಪಪ್ಪನ ಕಡೆ ಅಂಗೈ ಚಾಚಿದರು.

“ಕೊಡ್ರಿ ಇಲ್ಲೆ.”

ಪಪ್ಪ ಜೇಬಿನಿಂದ ತೆಗೆದರು, ಆದರೆ ಮಮ್ಮಿಯ ಕೈಗೆ ಕೊಡದೆ ಡಾಕ್ಟರ ಮೇಜಿನ ಮೇಲಿಟ್ಟರು. ಡಾಕ್ಟರು ಅದನ್ನು ತಿರುಗಿಸಿ ನೋಡಿ, ದಿನಕ್ಕೆ ಎಷ್ಟು ಸಲ ಎಂದು ಕೇಳಿದರು. ಗೊತ್ತಿಲ್ಲ, ಎಣಿಸಿಲ್ಲ, ಎಂದರು ಪಪ್ಪ. ಡಾಕ್ಟರು ಬೈಯಲಿಲ್ಲ. ಇಷ್ಟು ವರ್ಷ ಸೇದಿದವರು ಸಿಗರೇಟು ಬಿಟ್ಟಿದ್ದು ದೊಡ್ಡ ಮಾತೇ, ಎಂದರು. ವೇಪ್ ದೀರ್ಘಕಾಲದಲ್ಲಿ ಏನು ಮಾಡುತ್ತದೆಂದು ತನಗೂ ಪೂರ್ತಿ ಗೊತ್ತಿಲ್ಲ, ಆದರೆ ಈ ತೇಪೆಯ ಮಟ್ಟಿಗೆ ನಿಕೋಟಿನ್ ಯಾವ ಬಾಗಿಲಿಂದ ಬಂದರೂ ಒಂದೇ. ಆಪರೇಷನ್ ಮೂರು ವಾರ ಮುಂದೆ ಹೋಯಿತು. ಅದಕ್ಕಿಂತ ಹೆಚ್ಚು ಕಾಯುವಂತಿರಲಿಲ್ಲ.

ಕಾರಿನಲ್ಲಿ ಟೋಲ್ ದಾಟಿ ಮನೆಯ ದಾರಿ ಹಿಡಿದೆವು.

“ಸುಳ್ಳು ನನ್ನ ಬಾಯಿಂದ ಹೇಳಿಸಿದ್ರಲ್ಲ,” ಎಂದರು ಮಮ್ಮಿ.

ಆ ಮೂರು ವಾರ ನಾನು ನಿಲಾಯ್‌ನಿಂದ ಸಂಜೆಯ ರೈಲಿನಲ್ಲಿ ಮನೆಗೇ ಬರುತ್ತಿದ್ದೆ. ಪಪ್ಪ ಅನ್ನದ ಬಿಸಿಗೆ ಸಿಟ್ಟಾಗುತ್ತಿದ್ದರು, ಫ್ಯಾನಿನ ಸದ್ದಿಗೆ ಸಿಟ್ಟಾಗುತ್ತಿದ್ದರು. ಒಂದು ಸಂಜೆ ರೋಟಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬರಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋಗಿ ನೋಡಿದರೆ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಾಚೆ, ಸಿಗರೇಟು ಸೇದುವವರು ನಿಲ್ಲುವ ಚರಂಡಿಯ ಅಂಚಿನಲ್ಲಿ ರೋಟಿಯ ಪೊಟ್ಟಣ ಹಿಡಿದು ನಿಂತಿದ್ದರು. ಸೇದಲಿಲ್ಲ, ವಾಸನೆಗೆ ನಿಂತದ್ದು, ಎಂದರು. ನಾನು ಅವರ ಬಾಯಿ ಮೂಸಿ ನೋಡಲಿಲ್ಲ.

ಆಪರೇಷನ್ನಿಗೆ ಮೊದಲು ಮೂತ್ರ ಪರೀಕ್ಷೆ ಮಾಡಿದರು. ಅದರಲ್ಲಿ ನಿಕೋಟಿನ್ನಿನ ಕುರುಹು ಸಿಗಲಿಲ್ಲ. ಆಪರೇಷನ್ ಆಯಿತು. ತೇಪೆ ಕಪ್ಪಾಗಲಿಲ್ಲ; ಅಷ್ಟರಮಟ್ಟಿಗೆ ನಾವು ಗೆದ್ದೆವು. ಆದರೆ ತಡವಾದ ಆ ವಾರಗಳಲ್ಲಿ ಗಡ್ಡೆ ಬೆಳೆಯಿತೇ ಎಂದು ನಾನು ಕೇಳಿದಾಗ ಡಾಕ್ಟರು, ಹೇಳುವುದು ಕಷ್ಟ, ಎಂದಷ್ಟೇ ಹೇಳಿದರು.

ಪಪ್ಪನ ಮಾತು ನಿಧಾನಕ್ಕೆ ಬರುತ್ತಿದೆ, ತೊದಲು, ಅರ್ಧಕ್ಕರ್ಧ ಗಾಳಿ. ಮನೆಗೆ ಬಂದ ಮೇಲೆ ಅವರು ಆಡಿದ್ದರಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ವಾಕ್ಯ, ಗಾಯ ಮಾಯ್ದ ಮೇಲೆ ವೇಪ್ ಎಳೆಯಬಹುದಾ ಎಂದು ಡಾಕ್ಟರ ಹತ್ತಿರ ಕೇಳು, ಎಂಬುದು. ಮಮ್ಮಿ ಗಂಜಿ ಆರಿಸುತ್ತಾ ಪಕ್ಕದಲ್ಲೇ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಚಮಚ ಕೆಳಗಿಟ್ಟರು.

“ಅಕಿ ಕೇಳಂಗಿಲ್ಲ, ನಾನೂ ಕೇಳಂಗಿಲ್ಲ. ನೀವ ಕೇಳ್ರಿ.”

ಪಪ್ಪ ಗೋಡೆಯ ಕಡೆ ತಿರುಗಿ, ಡಾಕ್ಟರ್, ಡಾಕ್ಟರ್ ಎಂದು ಮೆಲ್ಲಗೆ ಹೇಳಿ ನೋಡತೊಡಗಿದರು. ಆ ಶಬ್ದ ಅವರ ಬಾಯಲ್ಲಿ ಇನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ.