ಎರಡೂವರೆ ಗೊತ್ತಿಲ್ಲದ ಕಾರ್ಡು

ಹೊಟ್ಟೆಯೊಳಗಿನ ಕಿಚ್ಚಿಗೆ ಹೊಗೆ ಇರುವುದಿಲ್ಲ ಅನ್ನುತ್ತಾರೆ. ನಮ್ಮ ದೊಡ್ಡಳಿಯನದು ಮಾತ್ರ ಮೂಗಿನ ಹೊಳ್ಳೆಯಲ್ಲೇ ಕಾಣುತ್ತಿತ್ತು. ಮಾವನ ಸ್ಟುಡಿಯೋದಲ್ಲಿ ಹದಿನಾರು ವರ್ಷದಿಂದ ವಿಡಿಯೋ ಕತ್ತರಿಸಿ ಕೂಡಿಸುತ್ತಿದ್ದವನು ಅವನು. ಪಕ್ಕದ ಕೋಣೆಗೆ ಚಿಕ್ಕಳಿಯ ಬಂದು ಎರಡೇ ವರ್ಷ. ಇಬ್ಬರದೂ ಲಿನಕ್ಸ್ ಕಂಪ್ಯೂಟರು. ಚಿತ್ರೀಕರಿಸಿದ್ದೆಲ್ಲ ಮೆಟ್ಟಿಲ ಕೆಳಗಿನ ಸರ್ವರಿನಲ್ಲಿ. ಅಲ್ಲಿಂದ ತಂತಿಯಲ್ಲಿ ತಂತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು.

ಮೊದಲು ಇಬ್ಬರಿಗೂ ಒಂದೇ ವೇಗ, ಸೆಕೆಂಡಿಗೆ ಒಂದು ಗಿಗಾಬಿಟ್. ಆಮೇಲೆ ಚಿಕ್ಕಳಿಯ ಮಾವನನ್ನು ಒಪ್ಪಿಸಿ, ತಂತಿಗಳೆಲ್ಲ ಸೇರುವ ಸ್ವಿಚ್ಚನ್ನೂ ಸರ್ವರಿಗೆ ತಂತಿ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡನ್ನೂ ಬದಲಿಸಿ, ತನ್ನ ಯಂತ್ರಕ್ಕೆ ಎರಡೂವರೆ ಗಿಗಾಬಿಟ್ಟಿನ ಕಾರ್ಡು ಹಾಕಿಕೊಂಡ.

"ಅಣ್ಣ, ನಿಮಗೂ ಒಂದು ತರಿಸ್ಲಾ?"

"ನಂಗೇನಪ್ಪ ಅವಸರ!"

ಅಂದು ಹತ್ತಿದ ಉರಿ. ಇವನದು ಒಂದು ಗಂಟೆ ತೆವಳುವಷ್ಟರಲ್ಲಿ ಗೋಡೆಯಾಚೆ ಅರ್ಧ ಗಂಟೆಯೊಳಗೆ ಮುಗಿದು, ಷಡ್ಡಕನ ಸೀಟಿ ಕೇಳಿಸುತ್ತಿತ್ತು. ಅದರ ಮೇಲೆ ಮಾವನ ಮಾತು ಬೇರೆ: "ಸೋಮವಾರ ಹೊಸ ಸಾಕ್ಷ್ಯಚಿತ್ರದ ಸರಕು ಬರುತ್ತೆ. ಊಟಕ್ಕೆ ಮುಂಚೆ ಮೊದಲ ಐದು ನಿಮಿಷ ಯಾರು ಕೂಡಿಸಿ ತೋರಿಸ್ತೀರೋ, ಚಿತ್ರ ಅವರದು."

ಅಂಥ ಚಿತ್ರಕ್ಕಾಗಿ ದೊಡ್ಡಳಿಯ ಹದಿನಾರು ವರ್ಷ ಕಾದಿದ್ದ. ಅವನು ನೆಟ್ಟಗೆ ಅಂಗಡಿಗೆ ನಡೆದ. "ಎರಡೂವರೆ ಬೇಡ, ಅದರಪ್ಪನಂಥದ್ದು ಕೊಡಿ."

ಅಂಗಡಿಯವನು ದೊಡ್ಡ ಕಚೇರಿಯ ಸರ್ವರಿನಿಂದ ಕಳಚಿದ, ಹತ್ತು ಗಿಗಾಬಿಟ್ಟಿನ ಹಳೇ ಕಾರ್ಡು ತೆಗೆದ. "ಲಿನಕ್ಸಿಗೆ ಇದು ಬಾಯಿಪಾಠ ಸಾರ್, ಕಾರ್ಡು ನಡೆಸೋ ಡ್ರೈವರ್ ತಂತ್ರಾಂಶ ಹುಡುಕೋ ಗೋಜಿಲ್ಲ. ಆದ್ರೆ ನಿಮ್ಮ ಸ್ವಿಚ್ ಎಂಥದ್ದು?"

ಸ್ವಿಚ್ ತಂದವನು ಷಡ್ಡಕ. ತಿಳಿಯಬೇಕಾದರೆ ಅವನನ್ನೇ ಕೇಳಬೇಕು. ಅದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ವಾಸಿ. "ಎಲ್ಲಾ ಸರಿ ಇದೆ, ಕಟ್ಟಿಕೊಡಿ" ಅಂದುಬಿಟ್ಟ.

ಸೋಮವಾರ ಬೆಳಿಗ್ಗೆ ಕಾರ್ಡು ಕೂತಿತು, ದೀಪ ಹೊತ್ತಿತು, ಲಿನಕ್ಸು ಕೂಡಲೇ ಗುರುತು ಹಿಡಿಯಿತು. ವೇಗ ಎಷ್ಟು ಅಂತ ನೋಡಿದರೆ, ಒಂದು! ತಂತಿ ಕಿತ್ತು ಹಾಕಿದ. ಒಂದೇ. ಯಂತ್ರ ಆರಿಸಿ ಹೊತ್ತಿಸಿದ. ಅದೇ ಒಂದು.

ಬಾಗಿಲಲ್ಲಿ ಷಡ್ಡಕ ನಿಂತಿದ್ದ. "ಅಣ್ಣ, ಈ ಹಳೇ ಕಾರ್ಡಿಗೆ ಹತ್ತು ಗೊತ್ತು, ಒಂದು ಗೊತ್ತು. ನಡುವಿನ ಎರಡೂವರೆ ಗೊತ್ತಿಲ್ಲ. ನಮ್ಮ ಸ್ವಿಚ್ಚಿಗೋ ಎರಡೂವರೆಯ ಮೇಲೆ ಬರಲ್ಲ. ಎರಡಕ್ಕೂ ಬರೋದು ಒಂದೇ ಅಂತ ಅಲ್ಲಿಗೇ ಇಳೀತು. ನನ್ನ ಹತ್ರ ಯುಎಸ್‌ಬಿಗೆ ಸಿಕ್ಕಿಸೋ ಎರಡೂವರೆಯದೊಂದು ಹೆಚ್ಚಿಗೆ ಇದೆ. ಕೊಡ್ಲಾ?"

"ನಂದು ಹತ್ತರದು ಕಣಯ್ಯಾ. ನಿನ್ನ ಚಿಲ್ಲರೆ ನೀನೇ ಇಟ್ಕೋ."

ಹಿಡಿದ ಮೊಲಕ್ಕೆ ಮೂರೇ ಕಾಲು! ಹನ್ನೆರಡೂವರೆಗೆ ಮಾವ ಇಣುಕಿದ. "ಎಲ್ಲಿಗೆ ಬಂತಪ್ಪ?"

"ಇಳೀತಾ ಇದೆ ಮಾವ. ಇದು ಹತ್ತರ ಕಾರ್ಡು."

"ಹತ್ತು ಅಂದ್ರೆ ರಾತ್ರಿ ಹತ್ತಾ?" ಎಂದು ಮಾವ ಪಕ್ಕದ ಕೋಣೆಗೆ ಹೋದ. ಚಿಕ್ಕಳಿಯನ ಐದು ನಿಮಿಷವನ್ನು ಎರಡು ಸಲ ನೋಡಿ, ಚಿತ್ರವನ್ನು ಅವನಿಗೇ ಕೊಟ್ಟ.

ಮನೆಯಲ್ಲಿ ಹೆಂಡತಿ ಬಡಿಸುತ್ತಾ, "ತಂಗಿ ಯಜಮಾನ್ರನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

"ಅವನ್ನ? ನಾನು ಕೇಳೋದಾ?"

"ಮತ್ತೆ ಈಗ ಹೋಗಿದ್ದೇನು?"

ಹೋದದ್ದು ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎರಡು ತುತ್ತು ಒಳಗಿಳಿದ ಮೇಲೆ ಹೇಳಿದ: "ನಿಮ್ಮಪ್ಪನಿಗೆ ಮೊದಲಿಂದ್ಲೂ ಅವನ ಮೇಲೇ ಮಮತೆ."